ಇರಿವಿಸಾಲಿನ ಖಣ

ಗುಳೇದಗುಡ್ಡದ ನೇಕಾರ ಕಾಡಪ್ಪ ಪುಣೆಯ ರವಿವಾರ ಪೇಠೆ ಮುಟ್ಟಿದಾಗ ಬೆಳಗಿನ ಎಂಟು ಗಂಟೆಯಾಗಿತ್ತು. ಸ್ವಾರಗೇಟ್ ಬಸ್‌ನಿಲ್ದಾಣದಲ್ಲಿ ಊರಬಸ್ಸಿನ ಫಲಕ ಓದಲು ಹೋದಾಗ ಅಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡಂತೆ ಕಂಡಿದ್ದವು. ಇನ್ನೂ ಮಂಜು ಹರಿದಿಲ್ಲ ಎಂದುಕೊಂಡು ಪಕ್ಕದವನನ್ನು ಕೇಳಿ ಹತ್ತಿದ್ದ. ಈಗ ಶಿವಪುತ್ರಪ್ಪನ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೆಗಲಿನ ಗಂಟು ಇಳಿಸಿ, ಅದರ ಮೇಲೊಂದು ಕೈಯಿಟ್ಟು ಕುಳಿತ. ಬೀದಿ ಗುಡಿಸುವ ಹೆಂಗಸು ಅವನ ಕಾಲ ಬುಡದವರೆಗೆ ಗುಡಿಸಿ, ಕಾಲು ಎತ್ತೆಂದು ಮರಾಠಿಯಲ್ಲಿ ಹೇಳಿ, ಮುಂದೆ ಹೋದಳು.

ಶಿವಪುತ್ರಪ್ಪನದು ಖಣದ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಗುಳೇದಗುಡ್ಡದ ಮಗ್ಗದಿಂದ ಬಂದ ಕುಪ್ಪಸದ ಖಣ ಇಲ್ಲಿ ಮರಾಠರ ಉಡಿ ತುಂಬುವ ತಟ್ಟೆಯಲ್ಲಿ ತೆಂಗಿನಕಾಯಿಯ ಜೊತೆ ಕೂರುತ್ತದೆ. ಮದುವೆ, ಸೀಮಂತ ಯಾವುದೂ ಅದಿಲ್ಲದೆ ಆಗುವುದಿಲ್ಲ. ಕಾಡಪ್ಪ ಮೂವತ್ತು ವರ್ಷದಿಂದ ಅವನಿಗೆ ನೇಯ್ದು ಕೊಡುತ್ತಿದ್ದ. ಅವರಿಬ್ಬರ ನಡುವೆ ಕಾಗದಪತ್ರವಿರಲಿಲ್ಲ. ಇದ್ದದ್ದು ಒಂದು ಕೆಂಪು ದಾರ. ನೇಯುವಾಗ ಎಲ್ಲಿಯಾದರೂ ಎಳೆ ತಪ್ಪಿದರೆ, ಮಗ್ಗದ ಹಲಗೆ ಎತ್ತುವುದು ಮರೆತು ಹೂವು ಬಿಟ್ಟುಹೋದರೆ, ಕಾಡಪ್ಪ ಆ ಜಾಗದ ಅಂಚಿಗೆ ಒಂದು ಗೇಣು ಕೆಂಪು ದಾರ ಕಟ್ಟುತ್ತಿದ್ದ. ಇಲ್ಲಿ ತಪ್ಪಿದೆ, ನೋಡಿಕೊಳ್ಳಿರಿ ಎಂಬುದಕ್ಕೆ ಗುರುತು ಅದು. ದಾರ ಕಂಡರೆ ಶಿವಪುತ್ರಪ್ಪ ಅಷ್ಟನ್ನು ಕತ್ತರಿಸಿ ತೆಗೆದಿಡುತ್ತಿದ್ದ. ದಾರವಿಲ್ಲದ ಮಡಿಕೆಯನ್ನು ಅವನು ಎಂದೂ ಬಿಚ್ಚಿ ನೋಡಿದವನಲ್ಲ. ಉಳಿದ ನೇಕಾರರ ಮಾಲನ್ನು ಬೆಳಕಿಗೆ ಹಿಡಿದು ಗೇಣುಗೇಣು ನೋಡುವ ಮನುಷ್ಯ, ಕಾಡಪ್ಪನದನ್ನು ಹಾಗೇ ಕಪಾಟಿಗೆ ಏರಿಸುತ್ತಿದ್ದ.

ಈ ಸಲದ ಗಂಟಿನಲ್ಲಿ ಒಂದೂ ಕೆಂಪು ದಾರವಿರಲಿಲ್ಲ. ಅದೂ ಹೊಸ ನಮೂನೆ. ಎರಡು ಲಾಳಿ ಇಟ್ಟುಕೊಂಡು, ಕರಿಯ ನೂಲು ಎರಡು ಎಳೆ, ಬಿಳಿಯ ನೂಲು ಎರಡು ಎಳೆ ಹೊಕ್ಕು ಹಾಕಿ, ಅರಿವೆಯ ತುಂಬ ಹಾಯುವ ಸಣ್ಣ ಗೆರೆ ತಂದಿದ್ದ. ಅಂಗೈಯಗಲಕ್ಕೊಂದು ಆನೆಹೆಜ್ಜೆ ಎಂಬ ಹೂವಿನ ಸಾಲು. ಅಂಚು ಕುಂಕುಮದ ಬಣ್ಣ. ಗೆರೆಗಳು ಎಷ್ಟು ಸಣ್ಣವೆಂದರೆ ಮಾರುದೂರದಿಂದ ಅರಿವೆ ಬೂದುಬಣ್ಣ ಕಾಣುತ್ತಿತ್ತು. ಹತ್ತಿರ ಬಂದರೆ ಗೋಡೆಯ ಮೇಲಿನ ಇರುವೆಸಾಲಿನಂತೆ ಸರಿದಾಡಿದಂತಿತ್ತು. ಹೆಂಡತಿ ಕಲ್ಲವ್ವ ಅದಕ್ಕೆ ಇರಿವಿಸಾಲು ಎಂದು ಹೆಸರಿಟ್ಟಳು. "ಹೆಸರ ಇಡೂದು ಆತು, ಇನ್ನ ಕಣ್ಣಿಗೆ ಚಾಳೀಸದ ಕನ್ನಡಕ ತಗೋರಿ," ಎಂದೂ ಅಂದಿದ್ದಳು. "ನನ್ನ ಕೈಗಽ ಕಾಣತೈತಿ, ಕಣ್ಣ ಯಾಕ ಬೇಕು," ಎಂದು ಕಾಡಪ್ಪ ಲಾಳಿ ಎಸೆದಿದ್ದ.

ಮೊದಲ ತಾನು, ಅಂದರೆ ಹಲವು ಖಣಗಳ ಒಂದೇ ಉದ್ದ ಅರಿವೆ, ಮಗ್ಗದಿಂದ ಇಳಿದಾಗ ಶಿವಪುತ್ರಪ್ಪ ಫೋನಿನಲ್ಲಿ, ಗಿರಾಕಿಗೆ ಮುಂಚಿತ ತೋರಿಸಬೇಕು, ಅದರ ಚಿತ್ರ ತೆಗೆಸಿ ಕಳಿಸು ಎಂದ. ಊರಲ್ಲಿ ಮದುವೆಗಳ ವಿಡಿಯೋ ತೆಗೆಯುವ ಮಾಂತು ಹೊಸ ಕ್ಯಾಮೆರಾ ತಂದು, ಪಡಸಾಲೆಯ ಉದ್ದಕ್ಕೆ ಅರಿವೆಯನ್ನು ಅಡ್ಡ ಹರವಿಸಿ, ನೇಯಲು ಹಿಡಿದ ತುದಿಯಿಂದ ಶುರುಮಾಡಿ ಹೆಜ್ಜೆ ಹೆಜ್ಜೆಗೆ ನಡೆಯುತ್ತ ತೆಗೆದ. ಅದನ್ನು ಡಿವಿಡಿ ತಟ್ಟೆಗೆ ಇಳಿಸಿ ಬಸ್ಸಿನವನ ಕೈಯಲ್ಲಿ ಕಳಿಸಿಯೂ ಕೊಟ್ಟ. ನಾಲ್ಕು ದಿನಕ್ಕೆ ಶಿವಪುತ್ರಪ್ಪನ ಫೋನು. "ಕಾಡಪ್ಪ, ಏನ್ ನೇದಿಯೋ ಮಾರಾಯಾ. ಸಾವಿತ್ರಿಬಾಯಿ ಅಂತ, ನಮ್ಮ ಹಳೇ ಗಿರಾಕಿ. ಮಗಳ ಮದುವಿ, ಸಾಸವಡಕ್ಕ ಕೊಡಾಕತ್ತಾರ. ನೋಡಿದವರಽ ನಲವತ್ತು ಖಣ ಬೇಕಂದ್ರು. ಹುಣ್ಣಿವಿ ಒಳಗ ನೀನಽ ತಗೊಂಡು ಬಾ."

ಏನು ಹೊಗಳಿದನೋ ಕಾಡಪ್ಪನಿಗೆ ಪೂರ್ತಿ ತಿಳಿಯಲಿಲ್ಲ. ಆದರೆ ಆ ದಿನ ಅವನು ಊಟದಲ್ಲಿ ಒಂದು ರೊಟ್ಟಿ ಹೆಚ್ಚು ತಿಂದ.

*

ಹತ್ತು ಗಂಟೆಗೆ ಸಾವಿತ್ರಿಬಾಯಿ ಅಂಗಡಿಗೆ ಬಂದರು. ಸೊಲ್ಲಾಪುರದ ತವರಿನವರು, ಮನೆಮಾತು ಕನ್ನಡ. ಗಿರಾಕಿಗಳಿಗೆ ಹಾಸಿದ ಗಾದಿಯ ಮೇಲೆ ಕುಳಿತು ನೀರು ಕುಡಿದು, "ಎಲ್ಲಿ ನನ್ನ ನವಿಲು, ತೋರಸ್ರಿ," ಎಂದರು.

ಕಾಡಪ್ಪ ಗಂಟು ಬಿಚ್ಚಿ ಮೇಲಿನ ತಾನನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಾಸಿದ. ಚಿತ್ರ ತೆಗೆಸಿದ್ದ ಅದೇ ತಾನು.

ಸಾವಿತ್ರಿಬಾಯಿ ಅದನ್ನು ನೋಡಿದರು. ಮಡಿಕೆ ತೆಗೆದು ಒಳಗೆ ನೋಡಿದರು. ಒಂದು ಮೂಲೆ ಹಿಡಿದು ಬಾಗಿಲ ಬಿಸಿಲಿಗೆ ತಿರುಗಿಸಿ ನೋಡಿದರು. "ಇದಲ್ಲ," ಎಂದರು.

"ಅದಽ ರೀ ತಾಯಿ," ಎಂದ ಕಾಡಪ್ಪ.

"ನಾ ನೋಡಿದ್ದು ನವಿಲುಗರಿ. ಹಳದಿ, ನೀಲಿ, ಜಾಂಬಳಿ. ತಿರಗಿಸಿದ್ರ ತಿರಗೂ ಬಣ್ಣ. ಇದೇನು ಕರಿದು ಬಿಳಿದು, ಪೂಜಾರಿ ಛತ್ರಿ ಇದ್ದಂಗ." ಅವರು ಶಿವಪುತ್ರಪ್ಪನ ಕಡೆ ತಿರುಗಿದರು. "ಬೀಗರ ಮನ್ಯಾಗ ಊರೆಲ್ಲಾ ಹೇಳೇನಿ, ನವಿಲುಬಣ್ಣದ ಖಣ ತರತೇನಂತ. ಈಗ ಕರೀದು ಹಿಡಕೊಂಡು ಮದುವಿ ಉಡಿ ತುಂಬ್ಲೇನು?"

ಶಿವಪುತ್ರಪ್ಪ ತನ್ನ ಗದ್ದಿಗೆಯ ಮೇಲಿಂದ ಮುಂದಕ್ಕೆ ಬಾಗಿದ. ಅರಿವೆಯನ್ನು ನೋಡಿದ, ಕಾಡಪ್ಪನನ್ನು ನೋಡಿದ. ಆ ನೋಟವನ್ನು ಕಾಡಪ್ಪ ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

"ನಾಕಕ್ಕ ಬರತೇನಿ," ಎಂದು ಸಾವಿತ್ರಿಬಾಯಿ ಎದ್ದರು. "ತೋರಿಸಿದ್ದು ಇದ್ರ ಕೊಡ್ರಿ. ಇಲ್ಲಾ ಅಂದ್ರ ಬ್ಯಾರೆ ಕಡೆ ನೋಡತೇನಿ."

ಅವರು ಹೋದ ಮೇಲೆ ಶಿವಪುತ್ರಪ್ಪ ಗದ್ದಿಗೆಯಿಂದ ಇಳಿದು ಹತ್ತಿರ ಬಂದ. ದನಿ ಏರಿಸಲಿಲ್ಲ. "ಕಾಡಪ್ಪ, ಧೂಪ್‌ಛಾಂವ ನೇದಿದ್ದಿ. ಹಾಸು ಒಂದು ಬಣ್ಣ, ಹೊಕ್ಕು ಒಂದು ಬಣ್ಣ, ಬಿಸಿಲಿಗೊಂದು ನೆರಳಿಗೊಂದು. ನನ್ನ ಕಣ್ಣಲೇ ನೋಡೇನಿ. ಅದು ಯಾರಿಗೆ ಹೋತು?"

"ಯಾರಿಗೂ ಹೋಗಿಲ್ರಿ ಸಾವಕಾರ್ರ. ಮಾಂತು ತಗದದ್ದು ಇದಽ ತಾನು."

"ಹಂಗಾದ್ರ ನನ್ನ ಕಣ್ಣು ಸುಳ್ಳು ಹೇಳಿದುವು?"

ಕಾಡಪ್ಪ ಹಾಸಿದ್ದ ತಾನಿನ ಮಡಿಕೆಯನ್ನು ನೇರ ಮಾಡಿದ. ಮಗ್ಗದವನಿಗೆ ಕೈ ಆಡುವಷ್ಟು ಬಾಯಿ ಆಡುವುದಿಲ್ಲ. ಶಿವಪುತ್ರಪ್ಪ ಕಪಾಟಿನಲ್ಲಿದ್ದ ಕಾಡಪ್ಪನ ಹಳೆಯ ಮಾಲಿನಿಂದ ಒಂದು ಮಡಿಕೆ ಎಳೆದು, ಬಿಚ್ಚಿ ಬೆಳಕಿಗೆ ಹಿಡಿದ. ಸುಮ್ಮನೆ ಮತ್ತೆ ಮಡಚಿಟ್ಟ. ಅಷ್ಟೇ. ಕಾಡಪ್ಪನಿಗೆ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

"ನನಗೂ ಆ ಚಿತ್ರ ತೋರಸ್ರಿ," ಎಂದ ಅವನು. "ನಾ ನೇದದ್ದನ್ನ ನಾ ನೋಡತೇನಿ."

*

ಮೇಲಿನ ಮನೆಯ ಪಡಸಾಲೆಯಲ್ಲಿ ಟೀವಿ ಸಣ್ಣ ಕಪಾಟಿನಷ್ಟು ದೊಡ್ಡದಿತ್ತು. ದೀಪಾವಳಿಗೆ ತಂದದ್ದು. ಅದರ ಕೆಳಗೆ ಡಿವಿಡಿ ಪೆಟ್ಟಿಗೆ. ಶಿವಪುತ್ರಪ್ಪನ ಸೊಸೆ ಶಾಮಲಾ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ತಟ್ಟೆ ಹಾಕಿದಳು. ಕಾಡಪ್ಪ ತಾನನ್ನು ಗಂಟಿಗೆ ಸೇರಿಸಿ ಮೇಲೆ ತಂದು, ಪಕ್ಕಕ್ಕಿಟ್ಟುಕೊಂಡು ನೆಲದ ಮೇಲೆ ಕುಳಿತಿದ್ದ. ಅವನ ಊರಿನ ಪಡಸಾಲೆ ಬಂತು. ಕಲ್ಲವ್ವ ಒಂದು ಗಳಿಗೆ ಬಾಗಿಲಲ್ಲಿ ಕಂಡು ಸೆರಗು ಎಳೆದುಕೊಂಡು ಸರಿದಳು. ಆಮೇಲೆ ಅರಿವೆ ಬಂತು.

ಕಾಡಪ್ಪ ಎದ್ದು ನಿಂತ.

ಕರಿದು ಬಿಳಿದು ಎಲ್ಲಿಯೂ ಇರಲಿಲ್ಲ. ಅವನು ನೇಯ್ದ ಗೆರೆಗಳ ಮೇಲೆ ಬಣ್ಣ ಹರಿಯುತ್ತಿತ್ತು. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆ ಬಿದ್ದರೆ ಮೂಡುತ್ತದಲ್ಲ, ಅಂಥ ಹಳದಿ, ಅದರ ಬೆನ್ನಿಗೆ ನೀಲಿ, ನಡುವೆ ನೇರಳೆಹಣ್ಣಿನ ಜಾಂಬಳಿ. ಕ್ಯಾಮೆರಾ ಒಂದು ಹೆಜ್ಜೆ ಸರಿದರೆ ಬಣ್ಣವೆಲ್ಲ ಒಟ್ಟಿಗೆ ಎದ್ದು ಓಡುತ್ತಿದ್ದವು, ಜೋಳದ ಹೊಲದಿಂದ ಗಿಳಿಗಳ ಹಿಂಡು ಎದ್ದಂತೆ. ಐವತ್ತು ವರ್ಷ ಅವನು ಬಣ್ಣದ ನೂಲಿನಲ್ಲಿಯೇ ಕೈಯಾಡಿಸಿದ್ದ. ಇಂಥ ಬಣ್ಣ ಯಾವ ಗಡಿಗೆಯಲ್ಲಿಯೂ ಕುದ್ದದ್ದನ್ನು ಕಂಡಿರಲಿಲ್ಲ. ಇದು ತನ್ನ ಕೈಯಿಂದ ಬಂತೇ ಎಂದು ಒಂದು ಕ್ಷಣ ಅಂಗೈ ತಿರುಗಿಸಿ ನೋಡಿಕೊಂಡ.

"ನೋಡಿದಿ?" ಎಂದ ಶಿವಪುತ್ರಪ್ಪ.

"ನೋಡಿದೆನ್ರಿ," ಎಂದ ಕಾಡಪ್ಪ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಂಡದ್ದನ್ನು ಕಂಡಿಲ್ಲವೆನ್ನುವ ರೂಢಿ ಅವನಿಗಿರಲಿಲ್ಲ.

ಅವನು ಟೀವಿಯ ಹತ್ತಿರ ಹೋದ. ತಲೆಯನ್ನು ಎಡಕ್ಕೆ ಓರೆ ಮಾಡಿದ, ಬಲಕ್ಕೆ ಓರೆ ಮಾಡಿದ, ಕುಕ್ಕರುಗಾಲಿನಲ್ಲಿ ಕುಳಿತು ಕೆಳಗಿನಿಂದ ನೋಡಿದ. ಧೂಪ್‌ಛಾಂವ ಅರಿವೆ ನೋಡುವ ರೀತಿ ಅದು.

"ತಂಗಿ, ಇದನ್ನ ನಿಂದ್ರಸಾಕ ಬರತೈತೇನು?"

ಶಾಮಲಾ ಗುಂಡಿ ಒತ್ತಿದಳು. ಚಿತ್ರ ನಿಂತಿತು. ಅರಿವೆ ನಿಂತಿತು. ಬಣ್ಣ ಮಾತ್ರ ನಿಲ್ಲಲಿಲ್ಲ. ಗೆರೆಗಳ ಮೇಲೆ ಸಣ್ಣಗೆ ನಡುಗುತ್ತ ಇತ್ತು.

"ಧೂಪ್‌ಛಾಂವ ಅಲ್ರಿ ಇದು," ಎಂದ ಕಾಡಪ್ಪ ಮೆಲ್ಲಗೆ. "ಆಗಿದ್ರ ನಾ ತಲಿ ಓರಿ ಮಾಡಿದಾಗ ಬಣ್ಣ ತಿರಗಬೇಕಿತ್ತು. ತಿರಗಲಿಲ್ಲ. ಈಗ ನೋಡ್ರಿ, ಅರಿವಿ ನಿಂತೈತಿ, ಬಣ್ಣ ನಡದೈತಿ. ನಿಂತ ಅರಿವಿ ಮ್ಯಾಲೆ ನಡಿಯೂ ಬಣ್ಣ ನೇಯಾಕ ನನಗ ಬರೂದಿಲ್ಲ. ಯಾರಿಗೂ ಬರೂದಿಲ್ಲ."

"ಮಾವಾರ," ಎಂದಳು ಶಾಮಲಾ. "ಸುದ್ದಿ ಓದಾಂವ ಗೆರಿ ಗೆರಿ ಅಂಗಿ ಹಾಕ್ಕೊಂಡು ಬಂದ್ರ ಅವನ ಎದಿ ಮ್ಯಾಲೂ ಹಿಂಗಽ ಬಣ್ಣ ಓಡತಾವ. ನಾ ಎಷ್ಟ ಸಲ ನೋಡೇನಿ. ಗೂಳಪ್ಪಣ್ಣನ್ನ ಕರಸ್ರಿ."

"ಅರಿವಿ ವಿಷಯಕ್ಕ ಟೀವಿ ರಿಪೇರಿಯಾವನ್ನ ಕರಸೂದು ನಮ್ಮ ವಂಶದಾಗ ಇಲ್ಲ," ಎಂದ ಶಿವಪುತ್ರಪ್ಪ. ಆದರೂ ಫೋನು ಎತ್ತಿದ.

*

ಗೂಳಪ್ಪ ವಿಜಾಪುರ ಕಡೆಯವನು. ಇಪ್ಪತ್ತೈದು ವರ್ಷದಿಂದ ಬೋಹರಿ ಆಳಿ ಎಂಬ ಓಣಿಯಲ್ಲಿ ಟೀವಿ ರಿಪೇರಿ ಅಂಗಡಿ. ಅವಸರವೆಂಬುದು ಅವನ ಮೈಯಲ್ಲಿರಲಿಲ್ಲ. ಬಂದವನು ಚಿತ್ರ ನೋಡಿದ, ಚಹಾ ಕುಡಿದ, ಇನ್ನೊಮ್ಮೆ ಚಿತ್ರ ನೋಡಿದ. ಆಮೇಲೆ ಟೀವಿಯನ್ನು ಮುಂದಕ್ಕೆ ಎಳೆದು ಅದರ ಬೆನ್ನಿಗೆ ಹೋಗಿ, ಒಂದು ಹಳದಿ ತಲೆಯ ವೈರನ್ನು ಬೆರಳಲ್ಲಿ ಹಿಡಿದು ತೋರಿಸಿದ.

"ಅಣ್ಣಾರ, ಇಷ್ಟ ದೊಡ್ಡ ಟೀವಿ ತಂದು, ಚಿತ್ರ ಬರಾಕ ಇದೊಂದಽ ದಾರಿ ಇಟ್ಟೀರಿ. ಮದುವಿ ದಿಬ್ಬಣ ಸಂದಿಯೊಳಗ ಕಳಿಸಿದಂಗಾತು."

"ಪೆಟಗ್ಯಾಗ ಅದಽ ಬಂದಿತ್ತಪಾ."

"ಪೆಟಗ್ಯಾಗ ಅದಽ ಬರತದ." ಗೂಳಪ್ಪ ಕಾಡಪ್ಪನ ಕಡೆ ತಿರುಗಿದ. "ನೇಕಾರ್ರು ಹೌದಲ್ರಿ? ನಿಮಗ ಲಗೂ ತಿಳೀತದ. ಚಿತ್ರದಾಗ ಎರಡು ಇರತಾವ. ಒಂದು ಬೆಳಕು: ಎಲ್ಲಿ ಕಪ್ಪು, ಎಲ್ಲಿ ಬಿಳಿ. ಇನ್ನೊಂದು ಬಣ್ಣ. ಈ ಹಳದಿ ವೈರಿನ್ಯಾಗ ಎರಡನ್ನೂ ಕೂಡಿಸಿ ಹುರಿ ಮಾಡಿ ಕಳಸ್ತಾರ. ಟೀವಿ ಅದನ್ನ ಮತ್ತ ಬಿಡಿಸಿಕೊಳ್ಳಬೇಕು. ಮಾರಿ, ಮನಿ, ಗಿಡ ಇದ್ರ ಬಿಡಿಸಿಕೊಂತದ. ಆದರ ನಿಮ್ಮ ಗೆರಿ ಭಾಳ ಸಣ್ಣವು. ಅಷ್ಟ ಸಣ್ಣ ಕಪ್ಪು ಬಿಳಿ ಬಂತಂದ್ರ ಅದು ಬೆಳಕೋ ಬಣ್ಣೋ ಟೀವಿಗೆ ತಿಳಿಯೂದಿಲ್ಲ. ಬಣ್ಣ ಅಂತ ತಿಳಕೊಂಡು ತೋರಿಸಿಬಿಡತದ."

ಕಾಡಪ್ಪ ಬಹಳ ಹೊತ್ತು ಆ ವೈರನ್ನೇ ನೋಡಿದ. "ಅಂದ್ರ, ಹಾಸು ಹೊಕ್ಕು ಎರಡೂ ನೂಲು ಒಂದಽ ಕಂಡಿಕಿ ಕೊಳವಿಗೆ ಸುತ್ತಿ ಕೊಟ್ಟಂಗ."

"ಅಷ್ಟಽ ನೋಡ್ರಿ. ಇಪ್ಪತ್ತೈದು ವರ್ಷ ಗಿರಾಕಿಗೆ ತಿಳಿಸಿ ಹೇಳಾಕ ಬಡದಾಡೇನಿ, ಈ ಮಾತು ನನಗ ಹೊಳೀಲಿಲ್ಲ."

ಅವನು ಚೀಲದಿಂದ ಕಪ್ಪು ವೈರೊಂದನ್ನು ತೆಗೆದ. ಅದರ ತಲೆಯಲ್ಲಿ ನಾಲ್ಕು ಸಣ್ಣ ಕಡ್ಡಿಗಳಿದ್ದವು. ಇದರಲ್ಲಿ ಬೆಳಕಿನ ದಾರಿ ಬೇರೆ, ಬಣ್ಣದ ದಾರಿ ಬೇರೆ ಎಂದ. ಹಳದಿ ಕಿತ್ತು ಕಪ್ಪು ಚುಚ್ಚಿ, ರಿಮೋಟಿನಲ್ಲಿ ಏನೋ ಒತ್ತಿದ.

ನವಿಲು ಹಾರಿಹೋಗಿತ್ತು. ಪರದೆಯ ತುಂಬ ಕರಿಗೆರೆ, ಬಿಳಿಗೆರೆ, ಕುಂಕುಮದ ಅಂಚು. ಇರುವೆಗಳು ಸಾಲಾಗಿ ನಿಂತಿದ್ದವು. ಕಾಡಪ್ಪ ಉಸಿರು ಬಿಟ್ಟ.

ಶಿವಪುತ್ರಪ್ಪ ಉಸಿರು ಬಿಡಲಿಲ್ಲ. ಅವನು ಹುಟ್ಟಾ ವ್ಯಾಪಾರಿ. "ಗೂಳಪ್ಪ, ಒಂದು ಮಾತು. ಹಳದಿ ವೈರ್ ಹಾಕಿದ್ರ ನವಿಲು, ಕರೀದು ಹಾಕಿದ್ರ ಇರಿವಿ. ಎರಡರಾಗ ಖರೇದು ಯಾವುದು ಅಂತ ಹೇಳಾವ್ರು ಯಾರು? ನಿನ್ನ ಕರೀ ವೈರಽ ಬಣ್ಣ ತಿಂದಿರಬಾರದು ಯಾಕ? ಸಾವಿತ್ರಿಬಾಯಿ ಇದನ್ನಽ ಕೇಳತಾರ. ಮಾಲು ಬದಲಿ ಮಾಡಿ ಈಗ ವೈರ್ ಬದಲಿ ಮಾಡೀರಿ ಅಂತಾರ."

ಗೂಳಪ್ಪ ತಲೆ ಕೆರೆದುಕೊಂಡ. "ವೈರಿಗೆ ಬಾಯಿ ಇಲ್ರಿ ಅಣ್ಣಾರ, ಸಾಕ್ಷಿ ಹೇಳಾಕ." ಟೀವಿಯ ಬೆನ್ನಿಗೆ ಬಗ್ಗಿ ಮತ್ತೇನನ್ನೋ ನೋಡಿದ. "ಇದರಾಗ ಇನ್ನೂ ಮೂರು ತೂತು ಖಾಲಿ ಅದಾವ. ಇದಕ್ಕಿಂತ ಮ್ಯಾಲಿನ ದಾರಿ ಅಂದ್ರ ಅದೊಂದಽ. ತಡೀರಿ, ಬಂದೆ."

ಪಾಸೋಡ್ಯಾ ವಿಠೋಬನ ಗುಡಿಯ ಹತ್ತಿರದ ಅಂಗಡಿಗೆ ಹೋಗಿ ಬರಲು ಅವನಿಗೆ ಒಂದು ತಾಸು ಹಿಡಿಯಿತು. ಅಷ್ಟು ಹೊತ್ತು ಶಿವಪುತ್ರಪ್ಪ ಕೆಳಗೆ ಅಂಗಡಿಯಲ್ಲಿದ್ದ. ಶಾಮಲಾ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟು, "ಉಣ್ರಿ ಕಾಕಾ," ಎಂದಳು. ಕಾಡಪ್ಪ ಅರ್ಧ ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡು ಕುಳಿತಿದ್ದ. ಕೆಳಗೆ ಕಪಾಟಿನ ಕದ ತೆರೆಯುವ, ಮುಚ್ಚುವ ಸದ್ದು ಕೇಳುತ್ತಿತ್ತು. ಸಾವಕಾರ ತನ್ನ ಹಳೆಯ ಮಾಲನ್ನೆಲ್ಲ ಬಿಚ್ಚಿ ನೋಡುತ್ತಿದ್ದಾನೆ ಎಂದುಕೊಂಡ. ಗಿರಾಕಿಗೆ ಅರಿವೆ ತೆಗೆಯುತ್ತಿದ್ದಿರಲೂ ಬಹುದು. ಆದರೂ ಅವನಿಗೆ ಹಾಗೇ ಕೇಳಿಸಿತು.

ಗೂಳಪ್ಪ ತಂದದ್ದು ಮೂರು ವೈರು, ಒಂದೇ ಜಡೆಯಲ್ಲಿ: ಕೆಂಪು, ಹಸಿರು, ನೀಲಿ ತಲೆ. ಚಿತ್ರವನ್ನು ಮೂರು ಪಾಲಾಗಿ ಮೂರು ದಾರಿಯಲ್ಲಿ ಒಯ್ಯುತ್ತದೆ, ಬೆಳಕು ಹಸಿರಿನಲ್ಲಿ, ಬಣ್ಣ ಉಳಿದೆರಡರಲ್ಲಿ, ಎಲ್ಲಿಯೂ ಕೂಡಿಸುವುದೂ ಇಲ್ಲ ಬಿಡಿಸುವುದೂ ಇಲ್ಲ ಎಂದ. ಹಚ್ಚಿದ ಮೇಲೆ ರಿಮೋಟು ಹಿಡಿದು ಕುಳಿತ. ಅಂಗಡಿಯವರು ಬಣ್ಣ, ಹೊಳಪು ಎಲ್ಲವನ್ನೂ ತುದಿಗೆ ಏರಿಸಿಟ್ಟಿದ್ದರು. ಅವನ್ನು ಒಂದೊಂದೇ ಇಳಿಸಿದ. "ಚಿತ್ರ ಚಂದ ಆಗಬೇಕಂದ್ರ ಕೂಡಸೂದಲ್ಲ, ಕಳೀಬೇಕು," ಎಂದು ತನಗೆ ತಾನೇ ಹೇಳಿಕೊಂಡ. ಕಿಟಕಿಯ ಪರದೆ ಎಳೆದು ಬಿಸಿಲು ಮರೆಮಾಡಲು ಶಾಮಲಾಗೆ ಹೇಳಿ, ತಟ್ಟೆಯನ್ನು ಮೊದಲಿನಿಂದ ಹಚ್ಚಿದ.

ಶಿವಪುತ್ರಪ್ಪನೂ ಮೇಲೆ ಬಂದು ಟೀವಿಯ ಮುಂದೆ ನಿಂತ.

ಕಲ್ಲವ್ವ ಬಾಗಿಲಲ್ಲಿ ಕಂಡಳು. ಅವಳ ಮೂಗುತಿಯ ಹರಳು ಮೂರಿದ್ದದ್ದು ಕಂಡಿತು. ಪಡಸಾಲೆಯ ಕಂಬದ ಮೇಲೆ ಸುಣ್ಣ ಬಿರಿದದ್ದು ಕಂಡಿತು. ಆಮೇಲೆ ಅರಿವೆ ಪರದೆ ತುಂಬಿ ನಿಂತಿತು. ಅದು ಚಿತ್ರವೆನಿಸಲಿಲ್ಲ. ಗೋಡೆಯಲ್ಲಿ ಒಂದು ಕಿಟಕಿ ತೆರೆದು, ಕೈಚಾಚಿದರೆ ಸಿಗುವಷ್ಟು ಹತ್ತಿರ ಗುಳೇದಗುಡ್ಡವನ್ನು ತಂದು ಇಟ್ಟಂತಿತ್ತು. ಒಂದೊಂದು ಹೊಕ್ಕಿನ ಎಳೆಯೂ ಹಿಗ್ಗಿ ದಪ್ಪವಾಗಿ, ಬೇರೆಬೇರೆ. ಅಂಚಿನಲ್ಲಿ ನೂಲಿನ ಜುಂಗು ಎದ್ದಿತ್ತು. ಲಾಳಿ ತಿರುಗಿದ ಕಡೆ ಎಳೆ ಬಾಗಿದ್ದು ಕಾಣುತ್ತಿತ್ತು. ಕಾಡಪ್ಪನ ಕಣ್ಣಲ್ಲಿ ನೀರು ಬಂತು. ಮಗ್ಗದ ಮುಂದೆ ಕುಳಿತು ತನ್ನ ಅರಿವೆಯನ್ನು ಅವನು ಹೀಗೆ ಕಂಡು ಎಷ್ಟು ವರ್ಷವಾಯಿತೋ. ಹರೆಯದಲ್ಲಿ ಕಂಡಿದ್ದ. ಆಮೇಲೆ ಮೆಲ್ಲಮೆಲ್ಲಗೆ ಮಂಜು ಕವಿದದ್ದು ತಿಳಿದೇ ಇರಲಿಲ್ಲ. ಈಗ ಮಂಜು ಹರಿದಾಗ, ಅದಿತ್ತೆಂದು ತಿಳಿಯಿತು.

ಅವನು ಎಣಿಸತೊಡಗಿದ. ನೇಕಾರನ ಚಟ ಅದು. ಆನೆಹೆಜ್ಜೆ ಒಂದು ಸಾಲು, ಎರಡು ಸಾಲು. ಕ್ಯಾಮೆರಾ ನಡೆದಂತೆ ತುಟಿಯಲ್ಲೇ ಎಣಿಸುತ್ತ ಹೋದ. ಏಳನೆಯ ಸಾಲು ದಾಟಿತು. ದಾಟಿದ ಕೂಡಲೇ ಅವನ ತುಟಿ ನಿಂತಿತು.

ಅಲ್ಲಿ ಬಿಳಿಗೆರೆ ದಪ್ಪವಾಗಿತ್ತು. ಎರಡು ಎಳೆಯ ಬದಲು ನಾಲ್ಕು. ಬಿಳಿಯ ಲಾಳಿ ಹಾಕಿ, ಕರಿಯದನ್ನು ಮರೆತು, ಮತ್ತೆ ಬಿಳಿಯದನ್ನೇ ಹಾಕಿದ್ದ. ಅರಿವೆಯ ಈ ಅಂಚಿನಿಂದ ಆ ಅಂಚಿನವರೆಗೆ ಆ ತಪ್ಪು ನೆಟ್ಟಗೆ ಹಾಯ್ದಿತ್ತು. ಅಂಚಿನಲ್ಲಿ ಕೆಂಪು ದಾರವಿರಲಿಲ್ಲ.

ಚಿತ್ರ ಮುಂದೆ ಸರಿಯಿತು. ಶಿವಪುತ್ರಪ್ಪ ನೋಡುತ್ತಲೇ ಇದ್ದ, ಶಾಮಲಾ ನೋಡುತ್ತಲೇ ಇದ್ದಳು. ಅವರಿಗೆ ಕಂಡಿರಲಿಲ್ಲ. ಗೂಳಪ್ಪನಿಗಂತೂ ಅರಿವೆಯೇ ಕಾಣುತ್ತಿರಲಿಲ್ಲ, ಚಿತ್ರ ಮಾತ್ರ ಕಾಣುತ್ತಿತ್ತು. "ಇನ್ನೇನು ಬೇಕ್ರಿ," ಎಂದ ಅವನು.

"ಚಂದ ಅದ," ಎಂದ ಶಿವಪುತ್ರಪ್ಪ. "ಭಾಳ ಚಂದ ಅದ. ಆದರ ನನ್ನ ಪ್ರಶ್ನೆ ಹಂಗಽ ಉಳೀತು. ಇದು ಈ ಗಂಟಿನ್ಯಾಗಿನ ತಾನಽ ಅಂತ ಏನು ಗುರುತು?"

ಕಾಡಪ್ಪ ನೆಲ ನೋಡುತ್ತ ಕುಳಿತಿದ್ದ. ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಸಾವಕಾರ ಇವತ್ತು ನಂಬದಿದ್ದರೂ ನಾಳೆ ಮಾಂತುವನ್ನು ಕೇಳಿ ನಂಬಬಹುದು. ಹೇಳಿದರೆ, ದಾರವಿಲ್ಲದ ಮಡಿಕೆಯಲ್ಲಿ ತಪ್ಪಿದೆ ಎಂದು ತಾನೇ ಹೇಳಿದಂತಾಯಿತು. ಮೂವತ್ತು ವರ್ಷದ ದಾರ ತನ್ನ ಬಾಯಿಂದಲೇ ಹರಿದಂತಾಯಿತು.

"ಗುರುತು ಐತ್ರಿ," ಎಂದ. "ತಂಗಿ, ಅದನ್ನ ಹಿಂದ ಸರಸು. ಏಳನೇ ಹೆಜ್ಜಿ ಸಾಲು ಬಂದ ಮ್ಯಾಲ ನಿಂದ್ರಸು."

ಶಾಮಲಾ ನಿಲ್ಲಿಸಿದಳು. ಈ ಸಲ ಅರಿವೆಯೂ ನಿಂತಿತು, ಬಣ್ಣವೂ ನಿಂತಿತು. ಕಾಡಪ್ಪ ಎದ್ದು ಪರದೆಯ ಮೇಲೆ ಬೆರಳಿಟ್ಟ.

"ಇಲ್ಲಿ ಬಿಳಿ ಎರಡು ಸಲ ಬಿದ್ದೈತಿ. ಕರಿ ಲಾಳಿ ತಪ್ಪೇನಿ."

ಶಿವಪುತ್ರಪ್ಪ ಕನ್ನಡಕ ಏರಿಸಿ ಹತ್ತಿರ ಬಂದ. ಕಾಡಪ್ಪ ಅವನಿಗಾಗಿ ಕಾಯದೆ ತಾನನ್ನು ತೊಡೆಯ ಮೇಲೆ ಎಳೆದುಕೊಂಡು, ನೇಯಲು ಹಿಡಿದ ತುದಿ ಹುಡುಕಿ, ಬೆರಳಿನಿಂದಲೇ ಆನೆಹೆಜ್ಜೆ ಎಣಿಸಿದ. ಏಳು. ಅಲ್ಲಿಂದ ಒಂದು ಬೆರಳು ಮುಂದೆ ಹೋಗಿ ಕಣ್ಣಿನ ಹತ್ತಿರ ಹಿಡಿದ; ಏನೂ ಕಾಣಲಿಲ್ಲ. ದೂರ ಹಿಡಿದ, ಬರಿ ಬೂದುಬಣ್ಣ. ಕೊನೆಗೆ ಕಣ್ಣು ಮುಚ್ಚಿ ಉಗುರಿನಿಂದ ಗೀರಿದ. ಉಗುರು ಒಂದು ಕಡೆ ಎಡವಿತು.

"ಇಲ್ಲೇ ಐತಿ. ನೀವು ನೋಡ್ರಿ ಸಾವಕಾರ್ರ. ನನಗ ಕಾಣವಲ್ದು."

ಶಿವಪುತ್ರಪ್ಪ ಅರಿವೆ ನೋಡಿದ, ಪರದೆ ನೋಡಿದ, ಮತ್ತೆ ಅರಿವೆ ನೋಡಿದ. ಏಳನೆಯ ಸಾಲಿನ ಮುಂದೆ ಅಲ್ಲಿಯೂ ದಪ್ಪ ಬಿಳಿಗೆರೆ, ಇಲ್ಲಿಯೂ ದಪ್ಪ ಬಿಳಿಗೆರೆ. ಅಂಥ ತಪ್ಪನ್ನು ಯಾರೂ ಬೇಕೆಂದು ಅದೇ ಜಾಗದಲ್ಲಿ ಎರಡು ಸಲ ನೇಯುವುದಿಲ್ಲ. ಅವನು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದ. ಒರೆಸಿದ್ದನ್ನೇ ಒರೆಸಿದ.

"ಅದಽ ತಾನು," ಎಂದ ಕೊನೆಗೆ.

"ಹೌದ್ರಿ, ಅದಽ ತಾನು. ಮಾಲು ಬದಲಿ ಮಾಡಿಲ್ಲ." ಕಾಡಪ್ಪ ಖಾಲಿ ಅಂಚನ್ನು ತೋರಿಸಿದ. "ಆದರ ದಾರ ಕಟ್ಟಿಲ್ಲ. ಮುಚ್ಚಿ ಇಟ್ಟದ್ದಲ್ರಿ. ಕಂಡೇ ಇರಲಿಲ್ಲ. ಕಲ್ಲವ್ವ ಹೇಳಿದ್ಲು, ನಾ ಕೇಳಲಿಲ್ಲ. ಇಷ್ಟು ದಿನ ಎಷ್ಟು ಮಡಿಕಿ ಹಿಂಗ ಬಂದಾವೋ ನನಗ ಗೊತ್ತಿಲ್ಲ."

ಗೂಳಪ್ಪ ವೈರು ಸುತ್ತುತ್ತಿದ್ದವನು ನಿಲ್ಲಿಸಿದ. ಶಿವಪುತ್ರಪ್ಪ ನೆಲದ ಮೇಲೆ, ಕಾಡಪ್ಪನ ಎದುರಿಗೆ ಕುಳಿತ. ಮೂವತ್ತು ವರ್ಷದಲ್ಲಿ ಗದ್ದಿಗೆ ಬಿಟ್ಟು ಅವನ ಸಮಕ್ಕೆ ಕುಳಿತದ್ದು ಇದೇ ಮೊದಲು.

"ನಾನೂ ನೋಡಲಿಲ್ಲಲೋ," ಎಂದ. "ನನಗ ಕಣ್ಣು ಇದ್ದೂ ನೋಡಲಿಲ್ಲ."

*

ನಾಲ್ಕಕ್ಕೆ ಸಾವಿತ್ರಿಬಾಯಿ ಬಂದರು. ಅವರನ್ನು ಮೇಲೆಯೇ ಕರೆತಂದು ಮೊದಲು ಹಳದಿ ವೈರು, ಆಮೇಲೆ ಮೂರು ವೈರು ಹಚ್ಚಿ ಗೂಳಪ್ಪ ತೋರಿಸಿದ. ನವಿಲು ಬಂದಾಗ ಕಾಡಪ್ಪನೂ ಅವರ ಹಿಂದೆ ನಿಂತು ನೋಡಿದ. ಸುಳ್ಳೆಂದು ಗೊತ್ತಾದ ಮೇಲೂ ಅದರ ಚಂದ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ.

"ಅಂದ್ರ ನನ್ನ ನವಿಲು ಎಲ್ಲಿಯೂ ಇಲ್ಲ," ಎಂದರು ಸಾವಿತ್ರಿಬಾಯಿ.

"ವೈರಿನ್ಯಾಗ ಐತ್ರಿ ತಾಯಿ," ಎಂದ ಕಾಡಪ್ಪ. "ನಾ ನೇದದ್ದು ಇರಿವಿ."

ಅವರು ತಾನನ್ನು ಕೈಗೆ ತೆಗೆದುಕೊಂಡು ಕಿಟಕಿಗೆ ಹೋದರು. ಪರದೆಯಲ್ಲಿ ಎಳೆ ಎಳೆ ಕಂಡದ್ದನ್ನು ಈಗ ಅರಿವೆಯಲ್ಲಿ ಹುಡುಕುವವರಂತೆ ಬಹಳ ಹೊತ್ತು ನೋಡಿದರು. "ಬೆಳಿಗ್ಗಿ ಇದನ್ನ ನಾ ನೋಡೇ ಇಲ್ಲ," ಎಂದರು. "ನವಿಲು ಹುಡುಕತಿದ್ದೆ, ನೋಡ್ರಿ. ಬೀಗರಿಗೆ ಏನರ ಹೇಳತೇನಿ. ನವಿಲು ಹಾರಿಹೋತು ಅಂತೇನಿ. ಆದರ ತಪ್ಪಿದ್ದ ಖಣ ಉಡಿಗೆ ನಡಿಯೂದಿಲ್ಲ. ಚಲೋ ಇದ್ದದ್ದು ನಲವತ್ತು ತಗದು ಇಡ್ರಿ. ನಾಳಿ ಬರತೇನಿ."

ಅವರು ಹೋದ ಮೇಲೆ ಕಾಡಪ್ಪ ಗಂಟಿನಲ್ಲಿದ್ದ ಎಲ್ಲ ತಾನುಗಳನ್ನು ಪಡಸಾಲೆಯ ನಡುವೆ ತಂದಿಟ್ಟ. ಕಿಟಕಿಯ ಪರದೆ ಸರಿಸಲು ಹೇಳಿದ. ಇಳಿಬಿಸಿಲು ನೆಲದ ಮೇಲೆ ಬಂದು ಬಿತ್ತು.

"ತಂಗಿ, ಕೆಂಪು ದಾರ ಐತೇನು ಮನ್ಯಾಗ?"

ಶಾಮಲಾ ಹೊಲಿಗೆಯ ಡಬ್ಬಿ ತಂದಳು. ಕಾಡಪ್ಪ ಒಂದು ಗೇಣು ದಾರ ಹರಿದು, ಏಳನೆಯ ಆನೆಹೆಜ್ಜೆಯ ಮುಂದಿನ ಅಂಚನ್ನು ಉಗುರಿನಿಂದ ಹುಡುಕಿ, ಎರಡು ಗಂಟು ಹಾಕಿದ. ಕೈಗಳಿಗೆ ಏನೂ ಆಗಿರಲಿಲ್ಲ. ಗಂಟು ಮೊದಲಿನಷ್ಟೇ ಸಣ್ಣದಾಗಿ, ಬಿಗಿಯಾಗಿ ಕುಳಿತಿತು. ಆಮೇಲೆ ಎರಡನೆಯ ತಾನಿನ ಮಡಿಕೆ ಬಿಚ್ಚಿ, ಅದರ ತುದಿಯನ್ನು ಅವಳ ಕೈಗೆ ಕೊಟ್ಟ.

"ನೀ ನೋಡು," ಎಂದ. "ನಾ ಕಟ್ಟತೇನಿ."

ಶಿವಪುತ್ರಪ್ಪ ಕನ್ನಡಕ ಹಾಕಿಕೊಂಡು ಅರಿವೆಯ ಇನ್ನೊಂದು ಅಂಚು ಹಿಡಿದ. ಮೂವರೂ ಬೆಳಕಿನ ಕಡೆ ಸರಿದು ಕುಳಿತರು.